ಒಂದೇ ರಸ್ತೆ, ಹಲವು ಬೋಗಾದಿ

ಮೈಸೂರಿನಲ್ಲಿ ಆಟೋ ಹತ್ತಿ 'ಬೋಗಾದಿಗೆ ನಡೀರಿ' ಎಂದರೆ ಸಾಲದು. ಊರೊಳಗೋ, ಎರಡನೇ ಹಂತವೋ, ರೂಪಾನಗರವೋ, ರಿಂಗ್ ರಸ್ತೆಯ ಆಚೆಯೋ ಎಂಬ ಪ್ರಶ್ನೆ ಮರುಕ್ಷಣವೇ ಎದುರಾಗುತ್ತದೆ. ಮಕ್ಕಳ ಓದಿಗಾಗಿ ಇಲ್ಲಿ ಬಾಡಿಗೆ ಮನೆ ಹುಡುಕುವ ತಂದೆತಾಯಿಗಳಿಗೆ ಮೊದಲು ತಿಳಿಯುವುದೇ ಇದು: ಹೆಸರು ಒಂದಾದರೂ ಬೋಗಾದಿ ಒಂದಲ್ಲ.

ನಗರದ ಕಡೆಯಿಂದ ಹೊರಟರೆ ಮೊದಲು ಕಾಣುವುದು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆ. ಅದರಾಚೆ ಮಾನಸಗಂಗೋತ್ರಿಯ ಹಸಿರು. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಕುವೆಂಪು ಅವರೇ ಇಟ್ಟ ಹೆಸರು ಅದು. ಸ್ನಾತಕೋತ್ತರ ವಿದ್ಯಾರ್ಥಿಗಳ ಓಡಾಟದಿಂದ ರಸ್ತೆಯ ಈ ತುದಿಗೆ ಸದಾ ಕಾಲೇಜಿನ ಕಳೆ.

ತುಸು ಮುಂದೆ, 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಕಿವಿ ಕೇಳದ, ಮಾತು ತಡವಾದ ಮಕ್ಕಳನ್ನು ಕರೆದುಕೊಂಡು ಹೊರರಾಜ್ಯಗಳಿಂದಲೂ ಇಲ್ಲಿಗೆ ಬರುತ್ತಾರೆ. ಇಲ್ಲಿನ ಶಿಶುವಿಹಾರದಲ್ಲಿ ಮಗುವಿನೊಂದಿಗೆ ತಾಯಿಗೂ ತರಬೇತಿ. ಮಗುವಿನ ಬಾಯಿಂದ ಮೊದಲ ಮಾತು ಹೊರಡುವ ದಿನಕ್ಕಾಗಿ ತಿಂಗಳುಗಟ್ಟಲೆ ಊರು ಬಿಟ್ಟಿರುವ ತಾಯಂದಿರಿಗೆ ಪರೀಕ್ಷೆಯ ಅಂಕಗಳಿಗಿಂತ ದೊಡ್ಡ ಚಿಂತೆಯೊಂದಿದೆ.

ಇನ್ನೂ ಮುಂದೆ ಹೋದರೆ ಬಡಾವಣೆಗಳ ಬೋಗಾದಿ. ಯೋಜನೆ ಹಾಕಿ ಬಡಾವಣೆ ಕಟ್ಟುವುದು ಮೈಸೂರಿಗೆ ಹೊಸತಲ್ಲ. ನಗರ ಸುಧಾರಣೆಗೆಂದೇ 1903ರಲ್ಲಿ ಇಲ್ಲಿ ಟ್ರಸ್ಟ್ ಬೋರ್ಡ್ ರಚನೆಯಾಗಿತ್ತು. ಅದೇ ಪರಂಪರೆಯಲ್ಲಿ ಎರಡನೇ ಹಂತದ ನೇರ ರಸ್ತೆಗಳಿಗೆ ಹೆಸರಿಗಿಂತ ಅಂಕಿಗಳೇ ಹೆಚ್ಚು: ಇಷ್ಟನೇ ಮೇನ್, ಇಷ್ಟನೇ ಕ್ರಾಸ್. ಅಮೃತ ವಿಶ್ವವಿದ್ಯಾಪೀಠದ ಮೈಸೂರು ಕ್ಯಾಂಪಸ್ ಇರುವುದೂ ಇಲ್ಲಿಯೇ. ಆಹಾರ ಸಂಶೋಧನೆಗೆ ಹೆಸರಾದ ಸಿಎಫ್‌ಟಿಆರ್‌ಐ ಹೆಸರಿನಲ್ಲೂ ಒಂದು ಬಡಾವಣೆಯಿದೆ. ನಿವೃತ್ತರ ಕೈತೋಟ ಮತ್ತು ವಿದ್ಯಾರ್ಥಿಗಳ ಪಿ.ಜಿ. ಇಲ್ಲಿ ನೆರೆಹೊರೆ.

ಈ ಎಲ್ಲಕ್ಕೂ ಹೆಸರು ಕೊಟ್ಟ ಮೂಲ ಬೋಗಾದಿ ಮಾತ್ರ ಹಳ್ಳಿ. ಅಲ್ಲಿನ ಓಣಿಗಳು ಅಂಕಿಯ ಲೆಕ್ಕಕ್ಕೆ ಸಿಗುವುದಿಲ್ಲ. ಮನೆಯನ್ನು ಕೇಳಬೇಕಾದದ್ದು ಯಜಮಾನರ ಹೆಸರು ಹೇಳಿಯೇ. ಬಡಾವಣೆ ಬಂದಾಗ ಗ್ರಾಮಠಾಣ ಉಳಿಯುತ್ತದೆ; ಸುತ್ತಲಿನ ಹೊಲ ನಿವೇಶನವಾಗುತ್ತದೆ. ಅಪ್ಪ ಉತ್ತ ನೆಲದ ಮೇಲಿನ ಮನೆಗೆ ಮಗ ಹಾಲು ಹಾಕುವುದು, ಇಲ್ಲವೇ ಅಲ್ಲಿಯೇ ಅಂಗಡಿ ತೆರೆಯುವುದು ನಗರದಂಚಿನ ಹಳ್ಳಿಗಳಲ್ಲಿ ಸಾಮಾನ್ಯ ಸಂಗತಿ.

ನಗರಪಾಲಿಕೆಯ ಗಡಿಯಾಚೆಯ ಬೋಗಾದಿ ಬಹುಕಾಲ ಗ್ರಾಮ ಪಂಚಾಯಿತಿಯ ಆಡಳಿತದಲ್ಲಿತ್ತು. 2020ರಲ್ಲಿ ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳಗಳೊಂದಿಗೆ ಬೋಗಾದಿಯೂ ಪಟ್ಟಣ ಪಂಚಾಯಿತಿಯಾಯಿತು. ಕಣ್ಣಿಗೆ ಕಾಣದ ಇಂಥ ಗಡಿಗಳು ನಲ್ಲಿಯ ನೀರು, ಒಳಚರಂಡಿ, ಕಸದ ಗಾಡಿಯ ವಿಚಾರ ಬಂದಾಗ ಕಾಣಿಸತೊಡಗುತ್ತವೆ. ಬಾಡಿಗೆಯ ಜೊತೆಗೆ ಇವುಗಳನ್ನೂ ವಿಚಾರಿಸುವುದು ತಂದೆತಾಯಿಗಳ ಜಾಣತನ.

ವಿದ್ಯಾರ್ಥಿಗಳಿಗಾದರೋ ಇಲ್ಲಿ ಇನ್ನೊಂದು ಪಾಠವಿದೆ. ಒಂದು ಭಾನುವಾರ ಬೆಳಿಗ್ಗೆ ಕೆರೆಯಿಂದ ಹಳೆಯ ಊರಿನವರೆಗೆ ನಡೆದರೆ, ಊರೊಂದು ನಗರವಾಗುವ ಬಗೆ ಕಣ್ಣೆದುರೇ ತೆರೆದುಕೊಳ್ಳುತ್ತದೆ. ತಾವಿರುವ ಕೋಣೆಯ ಕೆಳಗೆ ಹಿಂದೆ ಯಾವ ಬೆಳೆ ಇತ್ತೆಂದು ಹಳೆಯ ಊರಿನ ಹಿರಿಯರೊಬ್ಬರನ್ನು ಕೇಳಿದರೆ, ಪಾಠ ಪೂರ್ಣವಾದಂತೆ.