ಕಿರಿಮಗಳ ಮನೆ
ಮೇಘಾಲಯದ ನೋಂಗ್ರಿಯಾಟ್‌ಗೆ ರಸ್ತೆಯಿಲ್ಲ. ಮೂರು ಸಾವಿರಕ್ಕೂ ಹೆಚ್ಚು ಮೆಟ್ಟಿಲಿಳಿದರೆ ಸಿಗುವ ಖಾಸಿ ಜನರ ಊರದು. ಅಲ್ಲಿನ ಎರಡಂತಸ್ತಿನ ಬೇರಿನ ಸೇತುವೆ ನೋಡಲು ನಾವೂ ಪುಣೆಯಿಂದ ಹೋದೆವು. ಮೇಘಾಲಯದ ಬೇರಿನ ಸೇತುವೆಗಳು 2022ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿದವು.

"ಇಲ್ಲಿ ಹೆಂಗಸರದೇ ರಾಜ್ಯ" ಎಂದ ಗೈಡ್. ಪ್ರವಾಸಿಗರಿಗೆ ಬೇಕಾದ ಮಾತು ಅದು. ಖಾಸಿಗಳಲ್ಲಿ ಮಕ್ಕಳಿಗೆ ತಾಯಿಯ ಕುಲ, ಹಿರಿಯರ ಮನೆ ಕಿರಿಮಗಳಿಗೆ ಎಂಬುದು ನಿಜ. ಆದರೆ ಮನೆಯ ವಿಷಯದಲ್ಲಿ ಸೋದರಮಾವನ ಮಾತಿಗೆ ತೂಕ. ಊರಿನ ದರ್ಬಾರಿನಲ್ಲಿ ಹಿಂದಿನಿಂದಲೂ ಗಂಡಸರೇ. ನಾನು ಉಡುಪಿ ಕಡೆಯ ಅಳಿಯಸಂತಾನದವಳು. ನಮ್ಮಲ್ಲೂ ಹೆಸರು ಅಜ್ಜಿಯದು, ಯಜಮಾನಿಕೆ ಅಜ್ಜಿಯ ಅಣ್ಣನದು.

ನಾವು ಉಳಿದ ಮನೆಯ ಒಡತಿಯೂ ಕಿರಿಮಗಳೇ. ಅಲ್ಲಿನ ರೂಢಿಯಂತೆ ಅವರನ್ನು 'ಕಾಂಗ್', ಅಂದರೆ ಅಕ್ಕ, ಎಂದು ಕರೆದೆ. "ಮನೆಯೆಲ್ಲ ನಿಮ್ಮದೇನಾ?"

ನಕ್ಕರು. "ಮನೆ ನನ್ನದಲ್ಲ, ನಾನು ಮನೆಯವಳು. ಅಕ್ಕಂದಿರು ಶಿಲ್ಲಾಂಗ್‌ಗೆ ಹೋದರು. ಅಮ್ಮನನ್ನು ನೋಡಿಕೊಳ್ಳಬೇಕು, ನಾನು ಹೋಗುವಂತಿಲ್ಲ."

ಈಗ ಅದರ ಮೇಲೆ ನಮ್ಮಂಥವರ ಅಡುಗೆ, ಹಾಸಿಗೆ, ಬಿಟ್ಟುಹೋದ ಪ್ಲಾಸ್ಟಿಕ್. ಹಾಗಂತ ಪ್ರವಾಸಿಗರು ಬರುವುದೇ ಬೇಡ ಎನ್ನಲಿಲ್ಲ. ಆ ದುಡ್ಡಿನಲ್ಲೇ ಮಗಳ ಓದು, ಮನೆಯ ರಿಪೇರಿ.

"ನಿಮ್ಮ ಅಜ್ಜಿ ಮನೆಯಲ್ಲಿ ಈಗ ಯಾರಿದ್ದಾರೆ?" ಎಂದು ಕೇಳಿದರು.

"ಯಾರೂ ಇಲ್ಲ. ಬೀಗ ಹಾಕಿದೆ. ವರ್ಷಕ್ಕೊಮ್ಮೆ ಭೂತದ ಕೋಲಕ್ಕೆ ತೆರೆಯುತ್ತೇವೆ."

ಅವರು ಮತ್ತೇನೂ ಕೇಳಲಿಲ್ಲ. ಬೆಳಿಗ್ಗೆ ನಮ್ಮ ಖಾಲಿ ಬಾಟಲಿಗಳನ್ನು ನಾವೇ ಹೊತ್ತು ಮೆಟ್ಟಿಲು ಹತ್ತಿದೆವು.