ಹೆಸರೊಂದು, ಬಳ್ಳಿ ಎರಡು

ಬೇರು ಸೊಪ್ಪಿನ ಮದ್ದು ಗುಣ ಕೊಡದಿದ್ದರೂ ಕೇಡಂತೂ ಮಾಡದು ಎಂಬ ಮಾತು ಜಗಲಿಜಗಲಿಗಳಲ್ಲಿ ಕೇಳಿಬರುತ್ತದೆ. ಈ ನಂಬಿಕೆಗೆ ಚೀನಾದಲ್ಲಿ ಪೆಟ್ಟು ಬಿದ್ದುದು ‘ಲೊಂಗ್‌ದಾನ್ ಶಿಯೆಗಾನ್’ ಎಂಬ ಹಳೆಯ ಕಷಾಯದ ಮೂಲಕ.

ಹತ್ತು ಮೂಲಿಕೆಗಳ ಈ ಯೋಗವು 1682ರಲ್ಲಿ ವಾಂಗ್ ಆಂಗ್ ಎಂಬ ಪಂಡಿತನು ಸಂಕಲಿಸಿದ ವೈದ್ಯಗ್ರಂಥದಲ್ಲಿದೆ. ಕಣ್ಣು ಕೆಂಪೇರುವುದು, ಬಾಯಿ ಕಹಿಯಾಗುವುದು, ತಲೆ ಸಿಡಿಯುವುದು ಇವೆಲ್ಲ ಪಿತ್ತಜನಕಾಂಗದ ಉರಿಯ ಲಕ್ಷಣಗಳೆಂದು ಅಲ್ಲಿನ ವೈದ್ಯರು ಎಣಿಸಿದ್ದರು. ನಾಡಿ ಹಿಡಿದು, ನಾಲಗೆ ನೋಡಿ, ರೋಗಿಗೆ ತಕ್ಕಂತೆ ಮೂಲಿಕೆಗಳನ್ನು ಹೆಚ್ಚುಕಡಿಮೆ ಮಾಡಿ ಕುದಿಸಿ ಕೊಡುವುದು ಪದ್ಧತಿ. ಉರಿ ಅಡಗಿದ ಮೇಲೆ ಕಷಾಯವೂ ನಿಲ್ಲಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಕಷಾಯವು ಗುಳಿಗೆಯಾಯಿತು. ವೈದ್ಯರನ್ನು ಕೇಳದೆ ಅಂಗಡಿಯಿಂದ ಕೊಂಡು ತಿಂಗಳುಗಟ್ಟಲೆ ನುಂಗುವವರೂ ಉಂಟಾದರು. ಇದರ ಜೊತೆಗೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆದಿತ್ತು. ಹತ್ತರಲ್ಲೊಂದಾದ ‘ಮುತೊಂಗ್’ ಮೂಲತಃ ಅಕೇಬಿಯಾ ಬಳ್ಳಿಯ ಕಾಂಡ. ಅದರ ಸ್ಥಾನಕ್ಕೆ ಈಶಾನ್ಯ ಚೀನಾದ ‘ಗುವಾನ್ ಮುತೊಂಗ್’ ಬಂದಿತು. ಹೆಸರಿನಲ್ಲಿ ನೆಂಟಸ್ತಿಕೆಯಿದ್ದರೂ ಕುಲ ಬೇರೆ, ಅದು ಅರಿಸ್ಟೊಲೋಕಿಯಾ. ಅದರಲ್ಲಿರುವ ಆಮ್ಲವು ಮೂತ್ರಪಿಂಡಗಳನ್ನು ಮೆಲ್ಲಮೆಲ್ಲನೆ ಕುಗ್ಗಿಸುತ್ತದೆ, ಮೂತ್ರನಾಳದ ಕ್ಯಾನ್ಸರಿಗೂ ಕಾರಣವಾಗುತ್ತದೆ.

1993ರಲ್ಲಿ ಬೆಲ್ಜಿಯಮಿನ ವೈದ್ಯರು, ಮೈ ತೆಳ್ಳಗಾಗಲೆಂದು ಚೀನೀ ಮೂಲಿಕೆಗಳ ಗುಳಿಗೆ ತೆಗೆದುಕೊಂಡ ಹೆಂಗಸರ ಮೂತ್ರಪಿಂಡಗಳು ಕೆಟ್ಟುದನ್ನು ಪ್ರಕಟಿಸಿದರು. ಅಲ್ಲಿಯೂ ‘ಫಾಂಗ್‌ಜಿ’ ಎಂಬ ಒಂದೇ ಹೆಸರಿನ ಕೆಳಗೆ ಎರಡು ಗಿಡಗಳು ಕಲಸಿಹೋಗಿದ್ದವು. 2003ರಲ್ಲಿ ಚೀನಾ ಸರ್ಕಾರವು ಗುವಾನ್ ಮುತೊಂಗನ್ನು ಕೈಬಿಟ್ಟು ಹಳೆಯ ಮುತೊಂಗನ್ನೇ ಸೇರಿಸಬೇಕೆಂದು ಆಜ್ಞೆ ಮಾಡಿತು.

ಹಳೆಯ ಯೋಗವನ್ನು ಹೊಸ ಕಾಲಕ್ಕೆ ಹೊಂದಿಸುವುದು ತಪ್ಪಲ್ಲ. ಆದರೆ ಹೊಂದಿಸುವವನು ಗಿಡ ಯಾವುದು, ಪ್ರಮಾಣವೆಷ್ಟು, ದಿನಗಳೆಷ್ಟು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲವನಾಗಿರಬೇಕು. ಮೊದಲ ಪ್ರಶ್ನೆಗೆ ಹೆಸರೊಂದೇ ಉತ್ತರವಾಗದು.

ಎರಡು ಮೂರು ನುಡಿಗಳ ನಡುವೆ ಬಾಳುವ ಗಡಿನಾಡಿನ ಮನೆಗಳಿಗೆ ಇದು ದೂರದ ಕತೆಯಲ್ಲ. ಒಂದೇ ಗಿಡವನ್ನು ಅಜ್ಜಿ ಒಂದು ಹೆಸರಿನಿಂದ, ನೆರೆಮನೆಯವರು ಮತ್ತೊಂದರಿಂದ ಕರೆಯುವುದು ಅಲ್ಲಿ ದಿನನಿತ್ಯದ ಸಂಗತಿ. ಹಾವು ಕಡಿದರೆ ಮದ್ದೆಂದು ಹಿರಿಯರು ಕಾಪಾಡಿಕೊಂಡು ಬಂದ ಈಶ್ವರಿ ಬಳ್ಳಿಯೂ ಅದೇ ಅರಿಸ್ಟೊಲೋಕಿಯಾ ಕುಲದ್ದು; ಅದರಲ್ಲಿಯೂ ಅದೇ ಆಮ್ಲವಿದೆ. ಹಿತ್ತಲ ಬೇಲಿಯ ಮೇಲೆ ಅದು ಹಬ್ಬಿರಲಿ, ಮಕ್ಕಳು ಅದರ ಹೆಸರನ್ನೂ ಕಲಿಯಲಿ. ಕಷಾಯದ ಪಾತ್ರೆಗೆ ಮಾತ್ರ ಬೀಳದಿರಲಿ. ಹಾವು ಕಡಿದವರು ನೇರವಾಗಿ ಆಸ್ಪತ್ರೆ ಸೇರಬೇಕು. ಯಾವ ಕಾಯಿಲೆಗೇ ಆಗಲಿ, ಮನೆಯಲ್ಲಿ ಕುಡಿಸಿದ ಮದ್ದನ್ನು ಸಂಕೋಚದಿಂದ ಮುಚ್ಚಿಡದೆ ಡಾಕ್ಟರಿಗೆ ತಿಳಿಸುವ ತಾಯಿ, ಆ ಒಂದು ಮಾತಿನಿಂದಲೇ ಮಗುವಿನ ಅರ್ಧ ಅಪಾಯವನ್ನು ಕಳೆಯುತ್ತಾಳೆ.