ಡೆಟ್ರಾಯಿಟ್ ಸಂತೆಯಲ್ಲಿ ಕಂಡ ದಾಸೋಹ

ಅಮೆರಿಕ ದೇಶದ ಮಿಶಿಗನ್ ಸಂಸ್ಥಾನದ ಡೆಟ್ರಾಯಿಟ್ ನಗರವು ಮೋಟಾರು ವಾಹನಗಳ ತಯಾರಿಕೆಗೆ ಹೆಸರಾದುದು. ಕಾರ್ಖಾನೆಗಳ ವೈಭವವನ್ನೂ ಅವು ಮುಚ್ಚಿದಾಗಿನ ಬಡತನವನ್ನೂ ಸಮವಾಗಿ ಕಂಡ ಊರು ಅದು. ಆ ನಗರದ ಮಧ್ಯಭಾಗಕ್ಕೆ ಸಮೀಪದಲ್ಲಿ ಈಸ್ಟರ್ನ್ ಮಾರ್ಕೆಟ್ ಎಂಬ ಹಳೆಯ ಸಂತೆಯೊಂದಿದೆ. 1891ರಿಂದಲೂ ಅದೇ ತಾಣದಲ್ಲಿ ನಡೆದುಬಂದಿರುವ ಈ ಸಂತೆಯು ಶನಿವಾರದಂದು ನಮ್ಮ ಜಾತ್ರೆಯ ಪೇಟೆಯನ್ನು ನೆನಪಿಗೆ ತರುತ್ತದೆ. ಅಲ್ಲಿ ನೆಲೆಸಿರುವ ಸಮಾಜಬಾಂಧವರೊಡನೆ ನಾವು ಹೋದುದು ಆಗಸ್ಟ್ ತಿಂಗಳಿನಲ್ಲಿ. ಉದ್ದನೆಯ ಚಾವಣಿಗಳ ಕೆಳಗೆ ಮುಸುಕಿನ ಜೋಳ, ಟೊಮ್ಯಾಟೊ, ಎಲೆಕೋಸು, ಪೀಚ್ ಹಣ್ಣುಗಳು ರಾಶಿರಾಶಿಯಾಗಿದ್ದವು.

ಆದರೆ ನಮ್ಮ ಗಮನವನ್ನು ಸೆಳೆದುದು ಆ ರಾಶಿಗಳಿಗಿಂತಲೂ ಅವು ಬಡವರ ಚೀಲವನ್ನು ಸೇರುವ ಬಗೆ. ಆ ದೇಶದಲ್ಲಿ ಆದಾಯ ಸಾಲದ ಕುಟುಂಬಗಳಿಗೆ ಸರ್ಕಾರವು ‘ಸ್ನ್ಯಾಪ್’ ಎಂಬ ಹೆಸರಿನಲ್ಲಿ ಪ್ರತಿ ತಿಂಗಳೂ ಆಹಾರ ಸಹಾಯವನ್ನು ಕೊಡುತ್ತದೆ. ಮೊತ್ತವು ಬ್ಯಾಂಕಿನ ಕಾರ್ಡಿನಂತಹ ಒಂದು ಕಾರ್ಡಿಗೆ ಜಮೆಯಾಗುತ್ತದೆ. 2024ರಲ್ಲಿ ಸುಮಾರು 4 ಕೋಟಿ ಜನರು ಇದರ ಫಲಾನುಭವಿಗಳಾಗಿದ್ದರು. ನಮ್ಮ ನಾಡಿನ ಪಡಿತರದಂತೆ ಇಂತಿಷ್ಟು ಧಾನ್ಯವೆಂಬ ಅಳತೆ ಅಲ್ಲಿಲ್ಲ. ಮದ್ಯ, ತಂಬಾಕು, ಸಾಬೂನು ಮೊದಲಾದವುಗಳನ್ನು ಕೊಳ್ಳುವಂತಿಲ್ಲ ಎಂಬ ಕಟ್ಟಳೆಗಳೊಳಗೆ ಏನನ್ನು ಉಣ್ಣಬೇಕೆಂಬ ಆಯ್ಕೆ ಆ ಮನೆಯವರದೇ. ತಿನ್ನುವ ಫಸಲು ಕೊಡುವ ಗಿಡದ ಸಸಿಯನ್ನೂ ಬಿತ್ತನೆಯ ಬೀಜವನ್ನೂ ಇದೇ ಕಾರ್ಡಿನಿಂದ ಕೊಳ್ಳಬಹುದೆಂದು ತಿಳಿದಾಗ ನಮಗೆ ವಿಶೇಷ ಸಂತೋಷವಾಯಿತು. ಅನ್ನವನ್ನು ಕೊಡುವುದು ಒಂದು ಬಗೆ. ಅನ್ನ ಬೆಳೆಯುವ ಬೀಜವನ್ನು ಕೊಡುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ಕಾಯಕಕ್ಕೂ ಎಡೆಯಿದೆ.

ಈ ವ್ಯವಸ್ಥೆಯ ಮೂಲವನ್ನು ವಿಚಾರಿಸಿದರೆ ರೈತನ ಕಷ್ಟವೂ ಅದರಲ್ಲಿ ಸೇರಿರುವುದು ಕಾಣುತ್ತದೆ. ಮಹಾ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಹಳ್ಳಿಯಲ್ಲಿ ಬೆಳೆ ಮಾರಾಟವಾಗದೆ ಉಳಿಯುತ್ತಿತ್ತು, ಪಟ್ಟಣದಲ್ಲಿ ಜನ ಹಸಿದಿದ್ದರು. 1939ರಲ್ಲಿ ರಾಚೆಸ್ಟರ್ ನಗರದಲ್ಲಿ ಒಂದು ಪ್ರಯೋಗ ನಡೆಯಿತು. ಬಡವರು 1 ಡಾಲರು ಕೊಟ್ಟು ಕಿತ್ತಳೆ ಬಣ್ಣದ ಚೀಟಿ ಕೊಂಡರೆ, ಅರ್ಧ ಡಾಲರಿನ ನೀಲಿ ಚೀಟಿ ಉಚಿತವಾಗಿ ದೊರೆಯುತ್ತಿತ್ತು. ನೀಲಿ ಚೀಟಿಯಿಂದ ರೈತರಲ್ಲಿ ಮಿಕ್ಕಿದ ಪದಾರ್ಥಗಳನ್ನೇ ಕೊಳ್ಳಬೇಕಾಗಿತ್ತು. 1943ರಲ್ಲಿ ನಿಂತುಹೋದ ಆ ಕ್ರಮವು 1961ರಲ್ಲಿ ಕೆಲವೇ ಪ್ರದೇಶಗಳಲ್ಲಿ ಮತ್ತೆ ಆರಂಭವಾಯಿತು. ಡೆಟ್ರಾಯಿಟ್ ಅವುಗಳಲ್ಲೊಂದು. 1964ರಲ್ಲಿ ಅದು ಕಾನೂನಾಯಿತು.

ಮುಂದೆ ಕಾಗದದ ಚೀಟಿಯು ಹೋಗಿ ಕಾರ್ಡು ಬಂದಿತು. ಅಂಗಡಿಯ ಸರದಿಯಲ್ಲಿ ಎಲ್ಲರೆದುರು ಚೀಟಿ ಹರಿದು ಕೊಡುವ ಸಂಕೋಚ ಬಡವರಿಗೆ ತಪ್ಪಿತು. ಆದರೆ ತೆರೆದ ಸಂತೆಯಲ್ಲಿ ಕುಳಿತ ರೈತನ ಬಳಿ ಕಾರ್ಡಿನ ಯಂತ್ರವೆಲ್ಲಿ? ವಿದ್ಯುತ್ತೂ ದೂರವಾಣಿಯೂ ಇಲ್ಲದೆ ಅವನು ಆ ಗಿರಾಕಿಗಳನ್ನು ಕಳೆದುಕೊಂಡನು. ಅವರಿಗೂ ತಾಜಾ ತರಕಾರಿ ದೂರವಾಯಿತು. ಇದಕ್ಕೆ ಸಂತೆಗಳು ಕಂಡುಕೊಂಡ ಉಪಾಯ ಸರಳವಾದುದು. ಸಂತೆಯ ಕಚೇರಿಯಲ್ಲಿ ಒಂದು ಯಂತ್ರವನ್ನಿಟ್ಟು, ಕಾರ್ಡಿನಿಂದ ಕಳೆದಷ್ಟು ಮೊತ್ತಕ್ಕೆ ನಾಣ್ಯದಂತಹ ಬಿಲ್ಲೆಗಳನ್ನು ಕೊಡುವುದು. ರೈತನು ತಾನು ಪಡೆದ ಬಿಲ್ಲೆಗಳನ್ನು ಒಪ್ಪಿಸಿ ಪೂರ್ಣ ಹಣ ಪಡೆಯುವುದು. 2009ರಲ್ಲಿ ಡೆಟ್ರಾಯಿಟ್‌ನಲ್ಲಿ ‘ಡಬಲ್ ಅಪ್ ಫುಡ್ ಬಕ್ಸ್’ ಎಂಬ ಯೋಜನೆ ಇದಕ್ಕೆ ಜೊತೆಯಾಯಿತು. ನಿಗದಿಯಾದ ಮಿತಿಯೊಳಗೆ, ಸಂತೆಯಲ್ಲಿ ವ್ಯಯಿಸಿದ ಸಹಾಯಧನಕ್ಕೆ ಸಮನಾದ ಮೊತ್ತ ಹಣ್ಣು ತರಕಾರಿಗಾಗಿ ಮತ್ತೆ ಸೇರುತ್ತದೆ. ಬಡವರ ಊಟದಲ್ಲಿ ಸೊಪ್ಪು ಹೆಚ್ಚಿತು, ಸಮೀಪದ ಒಕ್ಕಲಿಗೆ ಗಿರಾಕಿ ಹೆಚ್ಚಿದನು.

ನಮ್ಮೊಡನಿದ್ದ ಹಿರಿಯರೊಬ್ಬರು ಒಂದು ಪ್ರಶ್ನೆಯನ್ನೆತ್ತಿದರು: “ದುಡಿಯದವರಿಗೆ ಇಷ್ಟು ಒಳ್ಳೆಯ ಹಣ್ಣನ್ನು ಕೊಡಿಸಿದರೆ ಕಾಯಕತತ್ತ್ವಕ್ಕೆ ಧಕ್ಕೆಯಲ್ಲವೇ?” ಇದು ನಮ್ಮ ಮನೆಗಳಲ್ಲಿಯೂ ಕೇಳಿಬರುವ ಮಾತು. ಈ ಸಹಾಯ ಪಡೆಯುವವರಲ್ಲಿ ಬಹುಪಾಲು ಮಕ್ಕಳು, ವೃದ್ಧರು ಮತ್ತು ಅಂಗವಿಕಲರು. ಮಿಕ್ಕವರಲ್ಲಿ ದುಡಿದೂ ಕೂಲಿ ಸಾಲದವರು ಅನೇಕರು. ಕಾಯಕವನ್ನು ಬೋಧಿಸಿದ ಶರಣರೇ ದಾಸೋಹವನ್ನೂ ಬೋಧಿಸಿದರು. ಒಂದನ್ನು ಹಿಡಿದು ಇನ್ನೊಂದನ್ನು ಅಳೆಯುವುದು ಸಲ್ಲದು. ಆಯ್ದಕ್ಕಿ ಮಾರಯ್ಯ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಿರುಗಿಸಿದ ಕಥೆಯನ್ನು ನಾವೆಲ್ಲರೂ ಬಲ್ಲೆವು. ಸಾಕೆನ್ನುವ ಆ ವಿವೇಕ ಅವರ ಮನೆಯೊಳಗಿನಿಂದ ಹುಟ್ಟಿತು. ಹೊರಗಿನವರು ಅವರ ಮಡಕೆಯನ್ನು ಇಣುಕಿ ವಿಧಿಸಿದುದಲ್ಲ. ಬಡವನ ತಟ್ಟೆಯನ್ನು ಕಾಯುವುದು ನಮ್ಮ ಧರ್ಮವಲ್ಲ.

ಆ ಸಂತೆಯಲ್ಲಿ ನಾವು ಕಂಡ ಒಂದು ನೋಟ ಇದನ್ನೇ ಹೇಳುವಂತಿತ್ತು. ಮಗುವಿನ ಕೈ ಹಿಡಿದಿದ್ದ ತಾಯಿಯೊಬ್ಬಳು ಬಿಲ್ಲೆಗಳನ್ನಿಟ್ಟು ಪೀಚ್ ಹಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿ ಆರಿಸಿಕೊಂಡಳು. ನಗದು ತೆತ್ತವರಿಗೆ ಆಡಿದ ಮಾತನ್ನೇ ರೈತನು ಅವಳಿಗೂ ಆಡಿದನು. ಕೊಟ್ಟವನು ಅಲ್ಲಿರಲಿಲ್ಲ, ಆದುದರಿಂದ ಅವಳು ಯಾರಿಗೂ ತಲೆಬಾಗಬೇಕಾಗಿರಲಿಲ್ಲ. ದಾನದಲ್ಲಿ ‘ನಾನು ಕೊಟ್ಟೆ’ ಎಂಬ ಅಹಂಕಾರ ಸುಳಿಯುವುದುಂಟು. ದಾಸೋಹದಲ್ಲಿ ಅದು ಅಳಿಯಬೇಕು.

ಆದರೂ ಸರ್ಕಾರದ ಕೈಯೊಂದನ್ನೇ ನಂಬಿದ ಅನ್ನಕ್ಕೆ ಅಪಾಯ ತಪ್ಪಿದ್ದಲ್ಲ. 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ಕಾರ್ಯಗಳು ಸ್ಥಗಿತಗೊಂಡಾಗ, ನವೆಂಬರ್ ತಿಂಗಳ ಸಹಾಯ ಅನೇಕ ಕುಟುಂಬಗಳಿಗೆ ಸಕಾಲದಲ್ಲಿ ತಲುಪಲಿಲ್ಲ. ಇಂತಹ ಸಮಯದಲ್ಲಿ ಸಮಾಜವೇ ನಿಲ್ಲಬೇಕಾಗುತ್ತದೆ.

ನಮ್ಮ ಮಠಗಳ ದಾಸೋಹ ಪರಂಪರೆ ದೊಡ್ಡದು. ಅದಕ್ಕೆ ಹೊರಗಿನ ಪಾಠ ಬೇಕಿಲ್ಲವೆನ್ನುವವರಿದ್ದಾರೆ. ಪಂಕ್ತಿಯಲ್ಲಿ ಕುಳಿತವನಿಗೆ ಅನ್ನ ನೀಡುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ ನಿಜ. ಆದರೆ ಪಂಕ್ತಿಗೆ ಬರಲು ಸಂಕೋಚಪಡುವ ಮನೆಗಳು ನಮ್ಮ ಊರುಗಳಲ್ಲಿಯೂ ಇವೆ. ಮುಂದಿನ ಶ್ರಾವಣದಲ್ಲಿ ಅಂತಹ ಒಂದು ಮನೆಯ ಪರವಾಗಿ ಊರ ಸಂತೆಯ ಸಣ್ಣ ರೈತನ ಬಳಿ ಮುಂಗಡವಾಗಿ ಹಣವಿಟ್ಟು, ಬೇಕಾದ ಕಾಯಿಪಲ್ಯವನ್ನು ಅವರೇ ಆರಿಸಿಕೊಳ್ಳುವಂತೆ ಮಾಡಬಹುದು. ರೈತನೊಡನೆ ಚೌಕಾಸಿ ಬೇಡ. ಕೊಟ್ಟವರ ಹೆಸರೂ ಬೇಡ.